ಅತಿಮಾನುಷ ವೀರರ ಚಲನಚಿತ್ರಗಳಲ್ಲಿ ಪೌರುಷ, ಸ್ತ್ರೀ ಮತ್ತು ವೀರತ್ವ: ಒಂದು ಚಾರಿತ್ರಿಕ ಪರಿಶೀಲನೆ

೧

ಒಂದು ಸಮಾಜ ತನ್ನ ವೀರರನ್ನು ಹೇಗೆ ಚಿತ್ರಿಸಿಕೊಳ್ಳುತ್ತದೆ ಎಂಬುದು ಚರಿತ್ರಕಾರನಿಗೆ ಎಂದೂ ಅಲ್ಪವಾದ ವಿಷಯವಲ್ಲ. ನಮ್ಮ ನಾಡಿನ ವೀರಗಲ್ಲುಗಳನ್ನು ಪರಿಶೀಲಿಸುವಾಗ, ತುರುಗಳನ್ನು ಮರಳಿಸಿ ಮಡಿದ ಯೋಧನ ವಿಚಾರಕ್ಕಿಂತ ಹೆಚ್ಚಾಗಿ, ಆ ಕಲ್ಲನ್ನು ನಿಲ್ಲಿಸಿದ ಊರಿನವರು ಯಾವುದನ್ನು ಶ್ಲಾಘ್ಯವೆಂದು ಎಣಿಸಿದ್ದರೆಂಬುದು ನಮಗೆ ತಿಳಿದುಬರುತ್ತದೆ. ಇಪ್ಪತ್ತನೆಯ ಶತಮಾನದ ಅಮೆರಿಕ ನಿಲ್ಲಿಸಿಕೊಂಡ ವೀರಗಲ್ಲುಗಳು ಮೊದಲು ಕಾಗದದ ಮೇಲೂ ಅನಂತರ ಬೆಳ್ಳಿತೆರೆಯ ಮೇಲೂ ಮೂಡಿದವು. ಸೂಪರ್‌ಹೀರೋಗಳೆಂದು ಪ್ರಸಿದ್ಧರಾದ ಈ ಅತಿಮಾನುಷ ವೀರರ ಚಿತ್ರಗಳನ್ನು ನಮ್ಮ ವಿದ್ಯಾರ್ಥಿಗಳೂ ಆಸಕ್ತಿಯಿಂದ ನೋಡುತ್ತಾರೆ. ೨೦೨೩ರಲ್ಲಿ ಸ್ಪೈಡರ್‌ಮ್ಯಾನನ ಚಿತ್ರವೊಂದು ಕನ್ನಡದ ಮಾತುಗಳೊಡನೆಯೇ ತೆರೆಗೆ ಬಂದಿತು. ಹೀಗಿರುವಲ್ಲಿ ಇವನ್ನು ಕೇವಲ ಬಾಲಕರ ವಿನೋದವೆಂದು ಬದಿಗೊತ್ತುವುದು ಉಚಿತವಾಗಲಾರದು.

ಈ ವೀರರ ಚರಿತ್ರೆಯಲ್ಲಿ ಒಂದು ಸಂಗತಿ ನಮ್ಮ ಗಮನವನ್ನು ಮೊದಲಾಗಿ ಸೆಳೆಯುತ್ತದೆ. ೧೯೩೯ರಲ್ಲಿ ಕಾಮಿಕ್ ಪತ್ರಿಕೆಯೊಂದರಲ್ಲಿ ಹುಟ್ಟಿದ ಬ್ಯಾಟ್‌ಮ್ಯಾನ್ ನಾಲ್ಕೇ ವರ್ಷಗಳಲ್ಲಿ, ಎಂದರೆ ೧೯೪೩ರಲ್ಲಿ, ಹದಿನೈದು ಭಾಗಗಳ ಧಾರಾವಾಹಿ ಚಿತ್ರದ ನಾಯಕನಾದನು. ಕ್ಯಾಪ್ಟನ್ ಅಮೆರಿಕನಿಗೆ ೧೯೪೪ರಲ್ಲಿಯೂ, ೧೯೩೮ರಲ್ಲಿ ಜನಿಸಿದ ಸೂಪರ್‌ಮ್ಯಾನನಿಗೆ ೧೯೪೮ರಲ್ಲಿಯೂ ಅದೇ ಬಗೆಯ ಗೌರವ ದೊರೆಯಿತು. ಇವರ ಸಮಕಾಲೀನಳಾಗಿ ೧೯೪೧ರಲ್ಲಿ ಹುಟ್ಟಿದ ವಂಡರ್ ವುಮನ್ ಮಾತ್ರ ತನ್ನ ಹೆಸರಿನ ಚಲನಚಿತ್ರವೊಂದು ಚಿತ್ರಮಂದಿರಗಳಲ್ಲಿ ತೆರೆಕಾಣುವುದಕ್ಕೆ ೨೦೧೭ರವರೆಗೆ ಕಾಯಬೇಕಾಯಿತು. ನಡುವೆ ೧೯೭೫ರಿಂದ ೧೯೭೯ರವರೆಗೆ ಲಿಂಡಾ ಕಾರ್ಟರ್ ಎಂಬ ನಟಿ ಆ ಪಾತ್ರವನ್ನು ಟೆಲಿವಿಷನ್ನಿನಲ್ಲಿ ವಹಿಸಿ ಜನಪ್ರಿಯಳಾದುದುಂಟು. ಆದರೆ ಹಿರಿಯ ತೆರೆಯ ಬಾಗಿಲು ಎಪ್ಪತ್ತಾರು ವರ್ಷಗಳ ಕಾಲ ತೆರೆಯಲಿಲ್ಲ.

ಈ ವಿಳಂಬಕ್ಕೆ ಸಾಮಾನ್ಯವಾಗಿ ಎರಡು ಕಾರಣಗಳನ್ನು ಹೇಳುವುದು ರೂಢಿ. ಪ್ರೇಕ್ಷಕರು ಸ್ತ್ರೀಯನ್ನು ವೀರಸ್ಥಾನದಲ್ಲಿ ನೋಡಲು ಸಿದ್ಧರಿರಲಿಲ್ಲ ಎಂಬುದು ಮೊದಲನೆಯದು. ಸಮಾಜ ಮೆಲ್ಲಮೆಲ್ಲನೆ ಪ್ರಗತಿ ಹೊಂದುತ್ತ ಬಂದು ಕಾಲ ಪಕ್ವವಾದಾಗ ಆ ಚಿತ್ರ ತಾನಾಗಿಯೇ ಬಂದಿತು ಎಂಬುದು ಎರಡನೆಯದು. ಈ ಎರಡು ಅಭಿಪ್ರಾಯಗಳಿಗೂ ಆಧಾರ ಸಾಲದೆಂದು ನಮಗೆ ತೋರುತ್ತದೆ. ಪುರುಷನ ಚಿತ್ರ ಸೋತಾಗ ಆ ಸೋಲನ್ನು ಆ ಒಂದು ಚಿತ್ರದ ಲೆಕ್ಕಕ್ಕೂ, ಸ್ತ್ರೀಯ ಚಿತ್ರ ಸೋತಾಗ ಅದನ್ನು ಇಡೀ ಸ್ತ್ರೀಕುಲದ ಲೆಕ್ಕಕ್ಕೂ ಬರೆಯುವ ಒಂದು ಪದ್ಧತಿ ಚಿತ್ರೋದ್ಯಮದಲ್ಲಿ ಬೇರೂರಿತ್ತು. ವಿಳಂಬದ ಮುಖ್ಯ ಕಾರಣ ಈ ಲೆಕ್ಕವೇ ಎಂಬುದು ಪ್ರಸ್ತುತ ಲೇಖನದ ವಾದ. ಈ ಲೆಕ್ಕದ ಬೇರು ವೀರತ್ವದ ಕಲ್ಪನೆಯಲ್ಲಿಯೇ ಇರುವುದರಿಂದ, ಆ ಕಲ್ಪನೆಯ ಹುಟ್ಟನ್ನು ಮೊದಲು ನೋಡತಕ್ಕದ್ದು.

೨

ಸೂಪರ್‌ಮ್ಯಾನ್ ಹುಟ್ಟಿದ್ದು ಅಮೆರಿಕದ ಆರ್ಥಿಕ ಮುಗ್ಗಟ್ಟಿನ ದಶಕದಲ್ಲಿ. ಕ್ಲೀವ್‌ಲೆಂಡ್ ನಗರದ ಜೆರಿ ಸೀಗಲ್, ಜೋ ಶಸ್ಟರ್ ಎಂಬ ಇಬ್ಬರು ತರುಣರು ಅವನನ್ನು ಸೃಷ್ಟಿಸಿ, ೧೩೦ ಡಾಲರುಗಳಿಗೆ ಅವನ ಮೇಲಣ ಸರ್ವಸ್ವಾಮ್ಯವನ್ನೂ ಪ್ರಕಾಶಕರಿಗೆ ಮಾರಿಬಿಟ್ಟರು. ೧೯೩೮ರ 'ಆಕ್ಷನ್ ಕಾಮಿಕ್ಸ್' ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಈ ವೀರ ಲೋಕಾಂತರದ ಶತ್ರುಗಳೊಡನೆ ಹೋರಾಡುವುದಿಲ್ಲ. ಮರಣದಂಡನೆಗೆ ಗುರಿಯಾದ ನಿರಪರಾಧಿಯಾದ ಹೆಂಗಸೊಬ್ಬಳನ್ನು ಉಳಿಸುತ್ತಾನೆ. ಹೆಂಡತಿಯನ್ನು ಹೊಡೆಯುತ್ತಿದ್ದ ಗಂಡನನ್ನು ದಂಡಿಸುತ್ತಾನೆ. ಬಲವನ್ನು ದುರ್ಬಲರ ರಕ್ಷಣೆಗಾಗಿ ಉಪಯೋಗಿಸುವುದೇ ಪೌರುಷ ಎಂಬ ಆದರ್ಶ ಇಲ್ಲಿ ಸ್ಪಷ್ಟವಾಗಿದೆ. ಅದು ಗೌರವಾರ್ಹವಾದ ಆದರ್ಶವೂ ಅಹುದು.

ಅದೇ ಸಂಚಿಕೆಯಲ್ಲಿ ಲೋಯಿಸ್ ಲೇನ್ ಎಂಬ ಪತ್ರಿಕಾವರದಿಗಾರ್ತಿಯೂ ಕಾಣಿಸಿಕೊಳ್ಳುತ್ತಾಳೆ. ಆಕೆ ಮನೆಯಲ್ಲಿ ಕುಳಿತವಳಲ್ಲ, ದುಡಿಯುವ ಹೆಂಗಸು. ಮೇಲೆ ಬಿದ್ದ ಒರಟನೊಬ್ಬನ ಕೆನ್ನೆಗೆ ತಾನೇ ಹೊಡೆಯುತ್ತಾಳೆ. ಆಗ ಜೊತೆಗಿದ್ದ ಕ್ಲಾರ್ಕ್ ಕೆಂಟ್ ಅಂಜುಬುರುಕನಂತೆ ನಟಿಸುತ್ತಾನೆ. ಲೋಯಿಸ್ ಅವನನ್ನು ಹೇಡಿಯೆಂದು ತಿರಸ್ಕರಿಸುತ್ತಾಳೆ. ಅವನೇ ಸೂಪರ್‌ಮ್ಯಾನ್ ಎಂಬುದು ಓದುಗನಿಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಈ ಸಣ್ಣ ಪ್ರಸಂಗದಲ್ಲಿ ಮುಂದಿನ ಎಂಬತ್ತು ವರ್ಷಗಳ ಬೀಜವಿದೆಯೆಂದರೆ ಅತಿಶಯೋಕ್ತಿಯಾಗದು. ಮೃದು ಸ್ವಭಾವದ ಗಂಡಸು ವೇಷ, ಬಲಶಾಲಿ ನಿಜ. ಸ್ತ್ರೀ ಎಷ್ಟೇ ಚುರುಕಾಗಿದ್ದರೂ ಮುಖ್ಯವಾದ ಸತ್ಯವೊಂದು ಅವಳಿಂದ ಮರೆಯಾಗಿರತಕ್ಕದ್ದು. ಈ ಎರಡು ನಿಯಮಗಳ ಮೇಲೆ ಮುಂದಿನ ಕಥೆಗಳೆಲ್ಲ ನಿಂತವು.

ಇದಕ್ಕೆ ಪ್ರತಿಯಾದ ಕಲ್ಪನೆಯೊಂದು ಮೂರೇ ವರ್ಷಗಳಲ್ಲಿ ಬಂದಿತೆಂಬುದನ್ನು ನಾವು ಮರೆಯಲಾಗದು. ವಂಡರ್ ವುಮನ್ನಳ ಕರ್ತೃ ವಿಲಿಯಂ ಮೌಲ್ಟನ್ ಮಾರ್ಸ್ಟನ್ ಹಾರ್ವರ್ಡಿನಲ್ಲಿ ವ್ಯಾಸಂಗ ಮಾಡಿದ ಮನಶ್ಶಾಸ್ತ್ರಜ್ಞ. ರಕ್ತದ ಒತ್ತಡವನ್ನು ಅಳೆದು ಸುಳ್ಳನ್ನು ಪತ್ತೆಮಾಡುವ ಪರೀಕ್ಷೆಯೊಂದನ್ನು ರೂಪಿಸಿದವನು. ಅವನ ಪತ್ನಿ ಎಲಿಜಬೆತ್ ಹಾಲೊವೇ ಸ್ವತಃ ವಿದ್ಯಾವಂತೆ. ಅವರ ಮನೆಯಲ್ಲಿಯೇ ಬಾಳಿದ ಆಲಿವ್ ಬರ್ನ್, ಸಂತಾನನಿಯಂತ್ರಣದ ಹೋರಾಟಗಾರ್ತಿ ಮಾರ್ಗರೆಟ್ ಸ್ಯಾಂಗರಳ ಸೋದರಿಯ ಮಗಳು. ಆ ಸೋದರಿ ಎಥೆಲ್ ಬರ್ನ್ ೧೯೧೭ರಲ್ಲಿ ಸೆರೆಮನೆಯಲ್ಲಿ ಉಪವಾಸ ಹೂಡಿ ಪ್ರಸಿದ್ಧಳಾಗಿದ್ದಳು. ಸ್ತ್ರೀಯರ ಮತಾಧಿಕಾರ ಚಳವಳಿಯ ಚಿತ್ರಗಳಲ್ಲಿ ಮೇಲಿಂದ ಮೇಲೆ ಬರುತ್ತಿದ್ದ ಸಂಕೋಲೆಗೂ, ಸಂಕೋಲೆಗಳನ್ನು ಮುರಿಯುವ ಈ ನಾಯಕಿಗೂ ಇರುವ ನಂಟನ್ನು ಚರಿತ್ರಕಾರ್ತಿ ಜಿಲ್ ಲೆಪೋರ್ ೨೦೧೪ರ ತನ್ನ ಗ್ರಂಥದಲ್ಲಿ ವಿಸ್ತಾರವಾಗಿ ತೋರಿಸಿಕೊಟ್ಟಿದ್ದಾಳೆ. ಆ ಸಂಕೋಲೆಗಳ ಚಿತ್ರಣ ಮಿತಿಮೀರಿತೆಂದು ಅಂದಿನವರೇ ಆಕ್ಷೇಪಿಸಿದ್ದುಂಟು. ಆ ಆಕ್ಷೇಪ ಪೂರ್ತಿ ನಿರಾಧಾರವೂ ಅಲ್ಲ. ಆದರೂ ಮಾರ್ಸ್ಟನ್ ೧೯೪೩-೪೪ರ ಲೇಖನವೊಂದರಲ್ಲಿ, ಕಾಮಿಕ್ ಪುಸ್ತಕಗಳ ದೊಡ್ಡ ದೋಷ ಅವುಗಳ ಕ್ರೂರವಾದ ಪುರುಷತನವೇ ಎಂದು ವಾದಿಸಿದುದು ಗಮನಾರ್ಹವಾಗಿದೆ. ಬಲದೊಡನೆ ಪ್ರೀತಿಯೂ ಸೇರಿದ ವೀರತ್ವ ಬೇಕೆಂಬುದು ಅವನ ಅಭಿಮತವಾಗಿತ್ತು.

೧೯೪೨ರಲ್ಲಿ ವಂಡರ್ ವುಮನ್ನಳ ಸ್ವಂತ ಪತ್ರಿಕೆ ಆರಂಭವಾದಾಗ, ಅದರಲ್ಲಿ ಚರಿತ್ರೆಯ ನಿಜವಾದ ವೀರವನಿತೆಯರ ಜೀವನವನ್ನು ತಿಳಿಸುವ ಅಂಕಣವೊಂದು ಸೇರಿತು. ಟೆನಿಸ್ ಆಟದಲ್ಲಿ ಪ್ರಸಿದ್ಧಳಾಗಿದ್ದ ಆಲಿಸ್ ಮಾರ್ಬಲ್ ಅದಕ್ಕೆ ಸಹಸಂಪಾದಕಿ. ಮೊದಲು ಬಂದುದು ಫ್ಲಾರೆನ್ಸ್ ನೈಟಿಂಗೇಲಳ ಚರಿತ್ರೆ. ಆದರೆ ಅದೇ ವರ್ಷ, ಅದೇ ಪ್ರಕಾಶಕರ ಇನ್ನೊಂದು ಪತ್ರಿಕೆಯಲ್ಲಿ, ಬೇರೊಬ್ಬ ಲೇಖಕನ ಕೈಯಲ್ಲಿ, ಈಕೆಗೆ ವೀರರ ಸಂಘವೊಂದರ ಸದಸ್ಯತ್ವ ದೊರೆಯಿತು. ಅಲ್ಲಿ ಈಕೆಗೆ ವಹಿಸಿದ ಕಾರ್ಯ ಸಂಘದ ಕಾರ್ಯದರ್ಶಿತ್ವ! ಪುರುಷ ವೀರರು ಯುದ್ಧಕ್ಕೆ ತೆರಳಿದಾಗ ಈಕೆ ಹಿಂದೆ ಉಳಿದು ಕಾಗದಪತ್ರಗಳನ್ನು ನೋಡಿಕೊಳ್ಳಬೇಕಾಯಿತು. ಒಬ್ಬಳೇ ಸ್ತ್ರೀ ಒಂದೇ ವರ್ಷದಲ್ಲಿ ಒಂದು ಪತ್ರಿಕೆಯಲ್ಲಿ ಲೋಕರಕ್ಷಕಿ, ಇನ್ನೊಂದರಲ್ಲಿ ಗುಮಾಸ್ತೆ. ಓದುಗರು ಬದಲಾಗಿರಲಿಲ್ಲ, ಬರೆಯುವವರು ಬದಲಾಗಿದ್ದರು. ಈ ಅಂಶ ನಮ್ಮ ವಾದಕ್ಕೆ ಮುಖ್ಯವಾದುದು.

೩

ಪ್ರಗತಿ ಕ್ರಮಕ್ರಮವಾಗಿ ನಡೆಯಿತೆಂಬ ಅಭಿಪ್ರಾಯವನ್ನು ೧೯೪೭ರಿಂದ ಮುಂದಿನ ಘಟನೆಗಳು ಅಲ್ಲಗಳೆಯುತ್ತವೆ. ಆ ವರ್ಷ ಮಾರ್ಸ್ಟನ್ ತೀರಿಕೊಂಡನು. ಯುದ್ಧಕಾಲದಲ್ಲಿ ಕಾರ್ಖಾನೆಗಳಿಗೆ ಹೋಗಿದ್ದ ಹೆಂಗಸರನ್ನು ಮತ್ತೆ ಮನೆಗೆ ಕಳುಹಿಸುವ ಮಾತು ದೇಶದಲ್ಲೆಲ್ಲ ಕೇಳಿಬರುತ್ತಿದ್ದ ಕಾಲವದು. ೧೯೫೪ರಲ್ಲಿ ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಕಾಮಿಕ್ ಪುಸ್ತಕಗಳು ಬಾಲಕರನ್ನು ಕೆಡಿಸುತ್ತವೆಂದು ಒಂದು ಗ್ರಂಥವನ್ನು ಪ್ರಕಟಿಸಿದನು. ಹಾರ್ಲೆಮ್ಮಿನ ಬಡವರಿಗಾಗಿ ಚಿಕಿತ್ಸಾಲಯವನ್ನು ನಡೆಸಿದ ಆತನ ಉದ್ದೇಶ ಕೆಟ್ಟದಾಗಿರಲಿಲ್ಲ. ಆದರೆ ವಂಡರ್ ವುಮನ್ನಳ ಸ್ವಾತಂತ್ರ್ಯವನ್ನೇ ಅವನು ಅಸ್ವಾಭಾವಿಕವೆಂದು ಭಾವಿಸಿದನು. ಅದೇ ವರ್ಷ ಸೆನೆಟ್ಟಿನ ಉಪಸಮಿತಿ ವಿಚಾರಣೆ ನಡೆಸಿತು. ಪ್ರಕಾಶಕರು ಭಯಗೊಂಡು ತಮಗೆ ತಾವೇ ಒಂದು ನಿಯಮಾವಳಿಯನ್ನು ವಿಧಿಸಿಕೊಂಡರು. ವಿವಾಹದ ಪಾವಿತ್ರ್ಯವನ್ನೂ ಗೃಹದ ಮೌಲ್ಯವನ್ನೂ ಎತ್ತಿಹಿಡಿಯಬೇಕೆಂಬುದು ಅದರ ವಿಧಿಗಳಲ್ಲೊಂದು.

ಇದರ ಪರಿಣಾಮ ಒಂದು ಸಣ್ಣ ಸಂಗತಿಯಲ್ಲಿ ಚೆನ್ನಾಗಿ ಕಂಡುಬರುತ್ತದೆ. ಮೇಲೆ ಹೇಳಿದ ಚರಿತ್ರೆಯ ವೀರವನಿತೆಯರ ಅಂಕಣ ಈ ಕಾಲದಲ್ಲಿ ಕಣ್ಮರೆಯಾಗಿ, ಅದರ ಸ್ಥಾನದಲ್ಲಿ ಮದುವೆಯ ಸಂಪ್ರದಾಯಗಳನ್ನು ಕುರಿತ ಬರೆಹಗಳು ಬಂದವು. ನೈಟಿಂಗೇಲಳ ಜಾಗಕ್ಕೆ ಮದುಮಗಳು ಬಂದಳು. ೧೯೬೮ರಲ್ಲಿ ನಾಯಕಿಯ ಅತಿಮಾನುಷ ಶಕ್ತಿಗಳನ್ನೇ ಕಸಿದುಕೊಂಡು ಅವಳನ್ನು ಉಡುಪಿನ ಅಂಗಡಿಯ ಒಡತಿಯನ್ನಾಗಿ ಮಾಡಲಾಯಿತು. ಅಮೆರಿಕದ ಬೀದಿಗಳಲ್ಲಿ ಸ್ತ್ರೀವಿಮೋಚನೆಯ ಘೋಷಣೆ ಕೇಳಿಬರತೊಡಗಿದ್ದ ವರ್ಷದಲ್ಲಿಯೇ ಕಾಗದದ ಮೇಲಿನ ನಾಯಕಿ ಬಲಹೀನಳಾದುದು ವಿಚಿತ್ರವಾದರೂ ಸತ್ಯ. ೧೯೭೨ರ ಜುಲೈನಲ್ಲಿ ಗ್ಲೋರಿಯಾ ಸ್ಟೈನಮ್ ಮೊದಲಾದವರು 'ಮಿಸ್' ಪತ್ರಿಕೆಯನ್ನು ಮಾಸಿಕವಾಗಿ ಆರಂಭಿಸಿದಾಗ, ಆಕೆಯ ಹಳೆಯ ರೂಪವನ್ನು ಮುಖಪುಟದ ಮೇಲೆ ನಿಲ್ಲಿಸಿದರು. ೧೯೭೩ರ ಆರಂಭದ ಸಂಚಿಕೆಯಲ್ಲಿ ಶಕ್ತಿಗಳು ಮರಳಿ ಬಂದವು. ಅವನ್ನು ಮರಳಿಸಿದ್ದು ಕಾಲಪ್ರವಾಹವಲ್ಲ. ಬಾಲ್ಯದಲ್ಲಿ ಆಕೆಯನ್ನು ಓದಿ ಬೆಳೆದು ಈಗ ಪತ್ರಿಕೆ ನಡೆಸಲು ಸಮರ್ಥರಾದ ಸ್ತ್ರೀಯರ ಒತ್ತಾಯ.

೪

ಈ ವೀರರ ಆಧುನಿಕ ಚಲನಚಿತ್ರಪರಂಪರೆ ೧೯೭೮ರಲ್ಲಿ ರಿಚರ್ಡ್ ಡಾನರ್ ನಿರ್ದೇಶಿಸಿದ 'ಸೂಪರ್‌ಮ್ಯಾನ್' ಚಿತ್ರದಿಂದ ಮೊದಲಾಗುತ್ತದೆಂದು ಹೇಳಬಹುದು. ಕ್ರಿಸ್ಟಫರ್ ರೀವ್ ಎಂಬ ನಟನ ಸಾಧನೆ ಇದರಲ್ಲಿ ಅಪೂರ್ವವಾದುದು. ಬೆನ್ನನ್ನು ನೆಟ್ಟಗೆ ಮಾಡಿ, ಧ್ವನಿಯನ್ನು ತಗ್ಗಿಸಿ, ಕನ್ನಡಕವನ್ನು ತೆಗೆದ ಮಾತ್ರದಿಂದ ಅವನು ಕ್ಲಾರ್ಕನಿಂದ ಸೂಪರ್‌ಮ್ಯಾನನಾಗುವ ದೃಶ್ಯ, ಪೌರುಷವೆಂಬುದು ಎಷ್ಟರಮಟ್ಟಿಗೆ ನಿಲವಿನಿಂದಲೂ ಧ್ವನಿಯಿಂದಲೂ ಕಟ್ಟಿದ ವಸ್ತುವೆಂಬುದನ್ನು ಅರಿವಿಲ್ಲದೆಯೇ ಬಯಲುಮಾಡುತ್ತದೆ. ಆ ಪಾತ್ರಕ್ಕಾಗಿ ರೀವ್ ವ್ಯಾಯಾಮದಿಂದ ದೇಹವನ್ನು ಬೆಳೆಸಿಕೊಂಡನು. ಹನ್ನೊಂದು ವರ್ಷಗಳ ಅನಂತರ, ೧೯೮೯ರ 'ಬ್ಯಾಟ್‌ಮ್ಯಾನ್' ಚಿತ್ರದಲ್ಲಿ, ರಬ್ಬರಿನ ಕವಚದಲ್ಲಿಯೇ ಮಾಂಸಖಂಡಗಳನ್ನು ಕೆತ್ತಿ ನಟನಿಗೆ ತೊಡಿಸಲಾಯಿತು. ದೇಹವೇ ಕವಚ, ಕವಚವೇ ವ್ಯಕ್ತಿ ಎಂಬಂತಾಯಿತು.

ಇಂಥ ಚಿತ್ರಗಳಲ್ಲಿ ಸ್ತ್ರೀಗೆ ದೊರೆತ ಸ್ಥಾನವನ್ನು ಮೂರು ಉದಾಹರಣೆಗಳಿಂದ ತಿಳಿಯಬಹುದು. ೧೯೭೮ರ ಚಿತ್ರದಲ್ಲಿ ಲೋಯಿಸ್ ಭೂಕಂಪದಲ್ಲಿ ಸಾಯುತ್ತಾಳೆ. ಸೂಪರ್‌ಮ್ಯಾನ್ ಶೋಕದಿಂದ ಕಾಲವನ್ನೇ ಹಿಂದಕ್ಕೆ ತಿರುಗಿಸಿ ಅವಳನ್ನು ಬದುಕಿಸುತ್ತಾನೆ. ತಾನು ಸತ್ತು ಬದುಕಿದ ವಿಚಾರ ಅವಳಿಗೆ ತಿಳಿಯದು. ೧೯೮೦ರ ಎರಡನೆಯ ಚಿತ್ರದಲ್ಲಿ ಅವಳು ತನ್ನ ಬುದ್ಧಿಬಲದಿಂದಲೇ ಕ್ಲಾರ್ಕನ ಗುಟ್ಟನ್ನು ಕಂಡುಹಿಡಿಯುತ್ತಾಳೆ. ಅವನು ಅವಳಿಗಾಗಿ ತನ್ನ ಶಕ್ತಿಗಳನ್ನೂ ತ್ಯಜಿಸುತ್ತಾನೆ. ಆದರೆ ಕೊನೆಗೆ ಅವಳ ದುಃಖವನ್ನು ನೋಡಲಾರದೆ, ಒಂದು ಚುಂಬನದಿಂದ ಅವಳ ಸ್ಮರಣೆಯನ್ನೇ ಅಳಿಸಿಬಿಡುತ್ತಾನೆ. ಇದನ್ನು ಕರುಣೆಯೆಂದು ಚಿತ್ರ ತೋರಿಸುತ್ತದೆ. ಆದರೆ ವರದಿಗಾರ್ತಿಯೊಬ್ಬಳು ಶ್ರಮಪಟ್ಟು ಗಳಿಸಿದ ಸತ್ಯವನ್ನು ಅವಳ ಅನುಮತಿಯಿಲ್ಲದೆ ಕಿತ್ತುಕೊಂಡಂತಾಯಿತೆಂಬುದು ಅಂದಿನ ಚಿತ್ರಕರ್ತರಿಗೆ ಹೊಳೆದಂತೆ ಕಾಣುವುದಿಲ್ಲ.

ಮೂರನೆಯ ಉದಾಹರಣೆ ಮರಣಕ್ಕೆ ಸಂಬಂಧಿಸಿದುದು. ೧೯೭೩ರಲ್ಲಿ ಸ್ಪೈಡರ್‌ಮ್ಯಾನನ ಪ್ರಿಯೆ ಗ್ವೆನ್ ಸ್ಟೇಸಿ ಕಾಮಿಕ್ ಪುಸ್ತಕದಲ್ಲಿ ಸತ್ತಳು. ೨೦೧೪ರಲ್ಲಿ ಅದೇ ಸಾವು ತೆರೆಯ ಮೇಲೆ ಬಂದಿತು. ೨೦೦೮ರ 'ದಿ ಡಾರ್ಕ್ ನೈಟ್' ಚಿತ್ರದಲ್ಲಿ ರೇಚಲ್ ಡಾಸ್ ಎಂಬ ಸರ್ಕಾರಿ ವಕೀಲೆ ಸ್ಫೋಟದಲ್ಲಿ ಸಾಯುತ್ತಾಳೆ; ಅವಳ ಸಾವಿನ ಫಲವೆಲ್ಲ ಇಬ್ಬರು ಗಂಡಸರ ಮನಸ್ಸಿನಲ್ಲಿ ನಡೆಯುತ್ತದೆ. ಸ್ತ್ರೀಯ ಮರಣ ಅವಳ ಬಾಳಿನ ಅಂತ್ಯವಾಗದೆ ಅವನ ಬಾಳಿನ ಒಂದು ಅಧ್ಯಾಯವಾಗಿಬಿಡುತ್ತದೆ. ಈ ಪದ್ಧತಿ ಎಷ್ಟು ವ್ಯಾಪಕವೆಂಬುದನ್ನು ಮೊದಲು ಪಟ್ಟಿಮಾಡಿದವಳು ವಿದ್ವಾಂಸಳಲ್ಲ, ಗೇಲ್ ಸಿಮೋನ್ ಎಂಬ ಓದುಗಳು. ವೀರನೊಬ್ಬನ ಪ್ರಿಯೆಯ ಶವವನ್ನು ಶೀತಕದ ಪೆಟ್ಟಿಗೆಯಲ್ಲಿಟ್ಟ ೧೯೯೪ರ ಕಥೆಯೊಂದನ್ನು ನೆನಪಿಸುವ ಹೆಸರಿನಿಂದ ಅವಳು ೧೯೯೯ರಲ್ಲಿ ಆ ಪಟ್ಟಿಯನ್ನು ಪ್ರಕಟಿಸಿದಳು. ಮುಂದೆ ಅವಳೇ ವಂಡರ್ ವುಮನ್ನಳ ಕಥೆಗಳ ಲೇಖಕಿಯಾದುದು ಸಂತೋಷದ ಸಂಗತಿ.

ಈ ಪದ್ಧತಿಯಿಂದ ಪುರುಷನಿಗೂ ನಷ್ಟವಿಲ್ಲದಿಲ್ಲ. ಅವನ ದುಃಖಕ್ಕೆ ಇರುವ ದಾರಿ ಒಂದೇ: ಅದು ಮುಷ್ಟಿಯಾಗಬೇಕು. ತಂದೆತಾಯಿಗಳನ್ನು ಕಳೆದುಕೊಂಡ ಬಾಲಕ ಅತ್ತು ಹಗುರಾಗುವಂತಿಲ್ಲ, ಬ್ಯಾಟ್‌ಮ್ಯಾನನಾಗಬೇಕು. ಇದನ್ನು ಪ್ರಶ್ನಿಸಿದ ಚಿತ್ರಗಳೂ ಉಂಟು. ೨೦೧೧ರ ಕ್ಯಾಪ್ಟನ್ ಅಮೆರಿಕನ ಚಿತ್ರದಲ್ಲಿ ಕೃಶಕಾಯನಾದ ಸ್ಟೀವ್ ರೋಜರ್ಸ್, ಸಿಡಿಯುವುದೆಂದು ನಂಬಿದ ಕೈಬಾಂಬಿನ ಮೇಲೆ ತಾನೇ ಬಿದ್ದು ಸಂಗಡಿಗರನ್ನು ರಕ್ಷಿಸಲು ಮುಂದಾಗುತ್ತಾನೆ. ಔಷಧಿಯಿಂದ ಅವನ ದೇಹ ಬೆಳೆದುದು ಅನಂತರ. ಧೈರ್ಯ ಮಾಂಸಖಂಡಕ್ಕಿಂತ ಮೊದಲಿನದು ಎಂಬುದು ಆ ದೃಶ್ಯದ ತಾತ್ಪರ್ಯ. ಅಷ್ಟೇ ಅಲ್ಲದೆ, ಆ ಬೆಳೆದ ದೇಹವನ್ನು ಸರ್ಕಾರ ಮೊದಲು ಯುದ್ಧಕ್ಕೆ ಕಳುಹಿಸದೆ, ರಂಗಸ್ಥಳದ ಮೇಲೆ ಯುದ್ಧಸಾಲದ ಪತ್ರಗಳನ್ನು ಮಾರಲು ನಿಲ್ಲಿಸುತ್ತದೆ. ಪೌರುಷವನ್ನು ರಾಷ್ಟ್ರ ಹೇಗೆ ಸರಕಾಗಿ ಮಾಡಿಕೊಳ್ಳುತ್ತದೆಂಬುದಕ್ಕೆ ಇದಕ್ಕಿಂತ ಚೊಕ್ಕವಾದ ನಿದರ್ಶನ ಈ ಚಿತ್ರಗಳಲ್ಲಿ ವಿರಳ.

೫

ಈಗ ಲೆಕ್ಕದ ವಿಚಾರಕ್ಕೆ ಬರೋಣ. ೧೯೮೪ರ 'ಸೂಪರ್‌ಗರ್ಲ್', ೨೦೦೪ರ 'ಕ್ಯಾಟ್‌ವುಮನ್', ೨೦೦೫ರ 'ಎಲೆಕ್ಟ್ರಾ' ಎಂಬ ಮೂರು ಚಿತ್ರಗಳಲ್ಲಿ ಸ್ತ್ರೀಯರು ನಾಯಕಸ್ಥಾನದಲ್ಲಿದ್ದರು. ಮೂರೂ ನಷ್ಟ ಅಥವಾ ನಿರಾಶೆಯನ್ನು ತಂದವು. ಮೂರರ ನಿರ್ದೇಶಕರೂ ಪುರುಷರೇ ಎಂಬುದನ್ನು ಇಲ್ಲಿ ನೆನೆಯಬಹುದು. ಈ ಸೋಲುಗಳು ಉದ್ಯಮದ ಮನಸ್ಸಿನಲ್ಲಿ ಯಾವ ರೂಪ ತಾಳಿದ್ದವೆಂಬುದಕ್ಕೆ ಒಂದು ಲಿಖಿತ ದಾಖಲೆ ದೊರೆತಿದೆ. ಮಾರ್ವೆಲ್ ಸಂಸ್ಥೆಯ ಅಂದಿನ ಮುಖ್ಯಾಧಿಕಾರಿ ಐಸಾಕ್ ಪರ್ಲ್‌ಮಟರ್ ೨೦೧೪ರ ಆಗಸ್ಟಿನಲ್ಲಿ ಸೋನಿ ಸಂಸ್ಥೆಯ ಮುಖ್ಯಸ್ಥರಿಗೆ ಬರೆದ ಚಿಕ್ಕದೊಂದು ಮಿಂಚಂಚೆ, ಆ ಸಂಸ್ಥೆಯ ಗಣಕಯಂತ್ರಗಳಿಗೆ ಕನ್ನಹಾಕಿದವರ ಮೂಲಕ ಹೊರಬಿದ್ದು ೨೦೧೫ರಲ್ಲಿ ಪ್ರಕಟವಾಯಿತು. ಸ್ತ್ರೀಪ್ರಧಾನ ಚಿತ್ರಗಳು ಎಂಬ ಒಂದೇ ವರ್ಗದ ಕೆಳಗೆ ಮೇಲ್ಕಂಡ ಮೂರು ಚಿತ್ರಗಳನ್ನೂ ಅವುಗಳ ಸೋಲನ್ನೂ ಅದರಲ್ಲಿ ಪಟ್ಟಿಮಾಡಲಾಗಿದೆ. ಕಳ್ಳತನದಿಂದ ಬಯಲಾದ ಖಾಸಗಿ ಪತ್ರವನ್ನು ಉಪಯೋಗಿಸುವುದರಲ್ಲಿ ಚರಿತ್ರಕಾರನಿಗೆ ಸಂಕೋಚವಿರುವುದು ಸಹಜ. ಆದರೆ ಪ್ರಕಟವಾಗಬೇಕೆಂದು ಬರೆಯದಿದ್ದ ಕಾರಣದಿಂದಲೇ ಅದರ ಸಾಕ್ಷ್ಯ ಬೆಲೆಯುಳ್ಳದ್ದು.

ಈ ಸಾಕ್ಷ್ಯದ ತರ್ಕವನ್ನು ಪರೀಕ್ಷಿಸೋಣ. ಇಪ್ಪತ್ತೊಂದು ವರ್ಷಗಳ ಅವಧಿಯಲ್ಲಿ ಬಂದ ಮೂರು ಚಿತ್ರಗಳಿಂದ ಒಂದು ಸಾರ್ವತ್ರಿಕ ನಿಯಮವನ್ನು ಹೊರಡಿಸಲಾಗಿದೆ. ಇದೇ ಅಳತೆಯನ್ನು ಪುರುಷರಿಗೆ ಅನ್ವಯಿಸಿದರೆ ಏನಾಗುತ್ತದೆ? ೧೯೮೭ರಲ್ಲಿ ಸೂಪರ್‌ಮ್ಯಾನನ ನಾಲ್ಕನೆಯ ಚಿತ್ರ ಹೀನಾಯವಾಗಿ ಸೋತಿತು. ಆದರೂ ೨೦೦೬ರಲ್ಲಿ ಒಮ್ಮೆ, ೨೦೧೩ರಲ್ಲಿ ಮತ್ತೊಮ್ಮೆ ಆ ವೀರನನ್ನು ಹೊಸದಾಗಿ ತೆರೆಗೆ ತರಲಾಯಿತು. ೧೯೯೭ರ 'ಬ್ಯಾಟ್‌ಮ್ಯಾನ್ ಅಂಡ್ ರಾಬಿನ್' ನಗೆಪಾಟಲಾಯಿತು. ಎಂಟು ವರ್ಷಗಳಲ್ಲಿ ಕ್ರಿಸ್ಟಫರ್ ನೋಲನ್ನನ ಕೈಯಲ್ಲಿ ಬ್ಯಾಟ್‌ಮ್ಯಾನ್ ಮತ್ತೆ ಎದ್ದನು. ೨೦೦೩ರ 'ಹಲ್ಕ್' ನಿರೀಕ್ಷೆಗೆ ತಕ್ಕಂತೆ ನಡೆಯಲಿಲ್ಲ; ಐದೇ ವರ್ಷಗಳಲ್ಲಿ ಇನ್ನೊಂದು ಹಲ್ಕ್ ಚಿತ್ರ ಬಂದಿತು. ೨೦೧೧ರಲ್ಲಿ 'ಗ್ರೀನ್ ಲ್ಯಾಂಟರ್ನ್' ಸೋತಿತು. ಪುರುಷಪ್ರಧಾನ ಚಿತ್ರಗಳು ನಡೆಯುವುದಿಲ್ಲವೆಂಬ ತೀರ್ಮಾನಕ್ಕೆ ಉದ್ಯಮ ಇವುಗಳಿಂದ ಬರಲಿಲ್ಲ. ಕಥೆ ಕೆಟ್ಟಿತು, ನಿರ್ದೇಶನ ಕೆಟ್ಟಿತು ಎಂದರು, ಸರಿಯಾಗಿಯೇ ಅಂದರು. ಆ ನ್ಯಾಯ ಮಾತ್ರ ಸ್ತ್ರೀಗೆ ಸಲ್ಲಲಿಲ್ಲ. ಗೆಲುವಿನ ಲೆಕ್ಕವೂ ಹೀಗೆಯೇ. ೨೦೧೨ರ 'ದಿ ಹಂಗರ್ ಗೇಮ್ಸ್' ಚಿತ್ರದ ನಾಯಕಿ ಬಿಲ್ಲು ಹಿಡಿದ ತರುಣಿ. ಅದು ಲೋಕಾದ್ಯಂತ ಸುಮಾರು ೬೯ ಕೋಟಿ ಡಾಲರುಗಳನ್ನು ಗಳಿಸಿತು. ೨೦೧೪ರ ಪಟ್ಟಿಯಲ್ಲಿ ಅದರ ಹೆಸರಿಲ್ಲ.

ಚಿತ್ರಮಂದಿರದ ಹೊರಗಿನ ವ್ಯಾಪಾರವೂ ಈ ಲೆಕ್ಕಕ್ಕೆ ಸೇರಿತ್ತು. ೨೦೧೩ರ 'ಐರನ್ ಮ್ಯಾನ್ ೩' ಚಿತ್ರದ ಖಳಪಾತ್ರವನ್ನು ಮೊದಲು ಸ್ತ್ರೀಯಾಗಿ ಬರೆದಿದ್ದು, ಸ್ತ್ರೀರೂಪದ ಆಟಿಕೆ ಮಾರಾಟವಾಗದೆಂಬ ಕಾರಣದಿಂದ ಪುರುಷನನ್ನಾಗಿ ಬದಲಾಯಿಸಬೇಕಾಯಿತೆಂದು ಅದರ ನಿರ್ದೇಶಕ ಶೇನ್ ಬ್ಲ್ಯಾಕ್ ೨೦೧೬ರಲ್ಲಿ ತಿಳಿಸಿದನು. ೨೦೧೫ರ 'ಅವೆಂಜರ್ಸ್' ಚಿತ್ರದಲ್ಲಿ ಬ್ಲ್ಯಾಕ್ ವಿಡೋ ಎಂಬ ನಾಯಕಿ ವಿಮಾನದಿಂದ ಮೋಟಾರ್ ಸೈಕಲ್ಲಿನ ಮೇಲೆ ಕೆಳಗಿಳಿಯುತ್ತಾಳೆ. ಅಂಗಡಿಗೆ ಬಂದ ಆಟಿಕೆಯಲ್ಲಿ ಆ ವಾಹನದ ಮೇಲೆ ಕುಳಿತವನು ಕ್ಯಾಪ್ಟನ್ ಅಮೆರಿಕ! ಚಿತ್ರವನ್ನು ನೋಡಿ ಬಂದ ಹುಡುಗಿ ತಾನು ಕಂಡ ಸಾಹಸವನ್ನು ಅಂಗಡಿಯಲ್ಲಿ ಹುಡುಕಿದರೆ, ಅದನ್ನು ಮಾಡಿದವನು ಬೇರೊಬ್ಬನೆಂದು ಅವಳಿಗೆ ಹೇಳಿದಂತಾಯಿತು. ಶಾಸನದಿಂದ ದಾನಿಯ ಹೆಸರನ್ನು ಕೆತ್ತಿ ತೆಗೆದು ಇನ್ನೊಬ್ಬನ ಹೆಸರನ್ನು ಬರೆದಂತೆ ಇದು. ಆಟಿಕೆಯೇ ಇಲ್ಲದಿರುವಾಗ ಮಾರಾಟವೂ ಇಲ್ಲ. ಮಾರಾಟವಿಲ್ಲವೆಂಬುದೇ ಮುಂದೆ ಆಟಿಕೆ ಮಾಡದಿರಲು ಪ್ರಮಾಣ. ಸ್ತ್ರೀನಾಯಕತ್ವಕ್ಕೆ ವಿರುದ್ಧವಾದ ಸಾಕ್ಷ್ಯ ಹೀಗೆ ತನ್ನನ್ನು ತಾನೇ ಹುಟ್ಟಿಸಿಕೊಳ್ಳುತ್ತಿತ್ತು.

ಈ ಚಕ್ರ ಮುರಿದುದು ಹೇಗೆ? ೨೦೧೫ರಲ್ಲಿ ಮಾರ್ವೆಲ್ ಚಿತ್ರಶಾಖೆಯನ್ನು ಪರ್ಲ್‌ಮಟರನ ಮೇಲ್ವಿಚಾರಣೆಯಿಂದ ತೆಗೆದು ನೇರವಾಗಿ ಡಿಸ್ನಿ ಸಂಸ್ಥೆಯ ಚಿತ್ರವಿಭಾಗಕ್ಕೆ ಸೇರಿಸಲಾಯಿತು. 'ಬ್ಲ್ಯಾಕ್ ಪ್ಯಾಂಥರ್', 'ಕ್ಯಾಪ್ಟನ್ ಮಾರ್ವೆಲ್' ಎಂಬ ಎರಡು ಚಿತ್ರಗಳಿಗೆ ಇದ್ದ ಅಡ್ಡಿಗಳನ್ನು ತಾನು ಆಜ್ಞೆ ಮಾಡಿ ತೆಗೆಸಬೇಕಾಯಿತೆಂದು ಡಿಸ್ನಿಯ ಅಂದಿನ ಮುಖ್ಯಸ್ಥ ಬಾಬ್ ಐಗರ್ ೨೦೧೯ರ ತನ್ನ ಆತ್ಮಕಥನದಲ್ಲಿ ಹೇಳಿಕೊಂಡಿದ್ದಾನೆ. ತನ್ನ ಕೀರ್ತಿಯನ್ನು ತಾನೇ ಬರೆದುಕೊಳ್ಳುವವರ ಮಾತನ್ನು ಎಚ್ಚರಿಕೆಯಿಂದ ಓದಬೇಕೆಂಬುದು ನಿಜ. ಆದರೂ ಒಂದಂಶ ನಿಸ್ಸಂದೇಹ: ಬಾಗಿಲು ಮುಚ್ಚಿದ್ದು ಪ್ರೇಕ್ಷಕರ ಕೈಯಿಂದಲ್ಲ, ತೆರೆದದ್ದೂ ಕಚೇರಿಯ ಒಳಗಿನಿಂದಲೇ.

೬

೨೦೧೭ರ ಜೂನಿನಲ್ಲಿ ಪ್ಯಾಟಿ ಜೆಂಕಿನ್ಸ್ ನಿರ್ದೇಶಿಸಿದ 'ವಂಡರ್ ವುಮನ್' ತೆರೆಕಂಡು ಸುಮಾರು ೮೨ ಕೋಟಿ ಡಾಲರುಗಳನ್ನು ಗಳಿಸಿತು. ೨೦೧೮ರ 'ಬ್ಲ್ಯಾಕ್ ಪ್ಯಾಂಥರ್' ೧೩೦ ಕೋಟಿಗೂ, ೨೦೧೯ರ 'ಕ್ಯಾಪ್ಟನ್ ಮಾರ್ವೆಲ್' ೧೧೦ ಕೋಟಿಗೂ ಮೀರಿದವು. ಅಂಕಿಗಳು ಹಳೆಯ ನಿಯಮವನ್ನು ಸುಳ್ಳುಮಾಡಿದವು. ಆದರೆ ವೀರತ್ವದ ಕಲ್ಪನೆ ಬದಲಾಯಿತೆ, ಇಲ್ಲವೆ ಹಳೆಯ ಕವಚವನ್ನು ಸ್ತ್ರೀಗೆ ತೊಡಿಸಲಾಯಿತೆ ಎಂಬ ಪ್ರಶ್ನೆ ಉಳಿಯುತ್ತದೆ.

ಜೆಂಕಿನ್ಸಳ ಚಿತ್ರ ಕಥೆಯನ್ನು ಎರಡನೆಯ ಮಹಾಯುದ್ಧದಿಂದ ಮೊದಲನೆಯದಕ್ಕೆ, ೧೯೧೮ಕ್ಕೆ, ಒಯ್ದಿತು. ಬ್ರಿಟನ್ನಿನಲ್ಲಿ ಮೂವತ್ತು ವರ್ಷ ಮೀರಿದ, ನಿಯಮಿತ ಅರ್ಹತೆಯುಳ್ಳ ಸ್ತ್ರೀಯರಿಗೆ ಮತಾಧಿಕಾರ ದೊರೆತ ವರ್ಷವದು. ತಿಳಿದೋ ತಿಳಿಯದೆಯೋ, ನಾಯಕಿಯನ್ನು ಆ ಚಿತ್ರ ಅವಳ ಮೂಲಕ್ಕೆ, ಮತಾಧಿಕಾರ ಚಳವಳಿಯ ಕಾಲಕ್ಕೆ, ಮರಳಿಸಿತು. ಏನೂ ಮಾಡಲಾಗದೆಂದು ಗಂಡಸರೆಲ್ಲ ಕೈಚೆಲ್ಲಿದ ರಣಭೂಮಿಗೆ ಅವಳು ಕಂದಕದಿಂದ ಒಬ್ಬಳೇ ಏರಿ ನಡೆಯುವ ದೃಶ್ಯದಲ್ಲಿ ಗುರಾಣಿಗೆ ಕತ್ತಿಗಿಂತ ಹೆಚ್ಚಿನ ಕೆಲಸವಿದೆ: ಗುಂಡುಗಳನ್ನೆಲ್ಲ ತನ್ನೆಡೆಗೆ ಸೆಳೆದುಕೊಂಡು ಇತರರಿಗೆ ದಾರಿಮಾಡಿಕೊಡುವುದು. ಬಲದೊಡನೆ ಪ್ರೀತಿಯೆಂಬ ಮಾರ್ಸ್ಟನ್ನನ ಕಲ್ಪನೆ ಇಲ್ಲಿ ಸಾರ್ಥಕವಾಯಿತೆನ್ನಬಹುದು. ಕೊನೆಯ ದ್ವಂದ್ವಯುದ್ಧ ಮಾತ್ರ ಹಳೆಯ ಜಾಡಿನದೇ.

ಇದೇ ಚಿತ್ರದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಇಲ್ಲಿ ಸಾಯುವವನು ನಾಯಕಿಯ ಪ್ರಿಯನಾದ ಸ್ಟೀವ್ ಟ್ರೆವರ್. ಅವನ ಸಾವು ಅವಳ ನಿಶ್ಚಯವನ್ನು ಗಟ್ಟಿಗೊಳಿಸುತ್ತದೆ. ಹಳೆಯ ಪಾತ್ರಗಳು ಅದಲುಬದಲಾದಂತೆ ಕಾಣುತ್ತದೆ. ಆದರೆ ಗ್ವೆನ್, ರೇಚಲ್ ಮೊದಲಾದವರನ್ನು ಇತರರು ಕೊಂದರು. ಸ್ಟೀವ್ ವಿಷವಾಯು ತುಂಬಿದ ವಿಮಾನವನ್ನು ತಾನೇ ಮೇಲಕ್ಕೊಯ್ದು, ತನ್ನ ಕೈಯ ಪಿಸ್ತೂಲಿನಿಂದಲೇ ಅದನ್ನು ಸಿಡಿಸಿ ಸಾಯುತ್ತಾನೆ. ಇನ್ನೊಬ್ಬರ ಕಥೆಯಲ್ಲಿ ಸಾಯುವಾಗಲೂ ಪುರುಷನಿಗೆ ತನ್ನ ಮರಣವನ್ನು ತಾನೇ ಆರಿಸಿಕೊಳ್ಳುವ ಗೌರವ ಉಳಿಯಿತು. ೨೦೧೯ರ 'ಅವೆಂಜರ್ಸ್: ಎಂಡ್‌ಗೇಮ್' ಚಿತ್ರದಲ್ಲಿ ಬ್ಲ್ಯಾಕ್ ವಿಡೋಗೆ ಈ ಆಯ್ಕೆ ದೊರೆಯಿತು: ಸಂಗಡಿಗನನ್ನು ಉಳಿಸಲು ಅವಳು ತಾನಾಗಿ ಪ್ರಪಾತಕ್ಕೆ ಬೀಳುತ್ತಾಳೆ. ಆದರೆ ಅದೇ ಚಿತ್ರದಲ್ಲಿ ಪ್ರಾಣಾರ್ಪಣೆ ಮಾಡಿದ ಐರನ್ ಮ್ಯಾನನಿಗೆ ವೀರರೆಲ್ಲ ಸಾಲಾಗಿ ನಿಂತ ದೀರ್ಘವಾದ ಅಂತ್ಯಕ್ರಿಯೆ ಉಂಟು. ಇವಳಿಗೆ ಸರೋವರದ ದಡದಲ್ಲಿ ಸಂಗಡಿಗರ ಕೆಲವು ಕ್ಷಣಗಳ ಕಣ್ಣೀರು ಮಾತ್ರ. ಬಲಿದಾನ ಸಮವಾಯಿತು, ಸ್ಮಾರಕ ಸಮವಾಗಲಿಲ್ಲ.

ಪುರುಷನ ಚಿತ್ರಣದಲ್ಲಿಯೂ ಇದೇ ಅರ್ಧ ಹೆಜ್ಜೆ ಕಾಣುತ್ತದೆ. ಅದೇ 'ಎಂಡ್‌ಗೇಮ್' ಚಿತ್ರದಲ್ಲಿ ಥಾರ್ ಸೋಲಿನ ದುಃಖದಿಂದ ಕುಡಿತಕ್ಕೆ ಬಿದ್ದು ದೇಹ ಬೆಳೆಸಿಕೊಂಡಿದ್ದಾನೆ. ಚಿತ್ರ ಆ ದೇಹವನ್ನು ನೋಡಿ ನಗುತ್ತದೆ. ಆದರೂ ಯೋಗ್ಯನಾದವನ ಕೈಗೆ ಮಾತ್ರ ಬರುವ ಆ ಸುತ್ತಿಗೆ ಅವನ ಕೈಗೆ ಬರುತ್ತದೆ; ಯೋಗ್ಯತೆ ದೇಹದಲ್ಲಿಲ್ಲವೆಂದು ಅದೇ ಚಿತ್ರ ಒಪ್ಪಿಕೊಳ್ಳುತ್ತದೆ. ೨೦೨೫ರ 'ಸೂಪರ್‌ಮ್ಯಾನ್' ಚಿತ್ರ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಅದು ಮೊದಲಾಗುವುದೇ ನಾಯಕನ ಸೋಲಿನಿಂದ, ಹಿಮದ ಮೇಲೆ ಅವನು ಗಾಯಗೊಂಡು ಬಿದ್ದಿರುವ ದೃಶ್ಯದಿಂದ. ಅದರಲ್ಲಿ ಲೋಯಿಸ್‌ಗೆ ಅವನಾರೆಂಬುದು ಆರಂಭದಿಂದಲೂ ಗೊತ್ತು. ಅವನನ್ನು ಎದುರಿಗೆ ಕೂರಿಸಿಕೊಂಡು, ಪರದೇಶದ ಕಲಹದಲ್ಲಿ ಕೈಹಾಕಲು ನಿನಗೆ ಯಾರು ಅಧಿಕಾರ ಕೊಟ್ಟರೆಂಬ ಅರ್ಥದ ಪ್ರಶ್ನೆಗಳನ್ನು ಕೇಳುತ್ತಾಳೆ. ೧೯೮೦ರಲ್ಲಿ ಅಳಿಸಿಹೋದ ಅರಿವು ಇಲ್ಲಿ ಅವಳಿಗೆ ಉಳಿದಿದೆ.

ಲೆಕ್ಕದ ಹಳೆಯ ಪದ್ಧತಿ ಮಾತ್ರ ಪೂರ್ತಿಯಾಗಿ ಅಳಿದಿಲ್ಲ. ೨೦೨೩ರಲ್ಲಿ ಮೂವರು ನಾಯಕಿಯರುಳ್ಳ 'ದಿ ಮಾರ್ವೆಲ್ಸ್' ಸುಮಾರು ೨೦ ಕೋಟಿ ಡಾಲರುಗಳನ್ನು ಮಾತ್ರ ಗಳಿಸಿ ಸೋತಿತು. ಅದೇ ವರ್ಷ ಪುರುಷ ನಾಯಕನ 'ದಿ ಫ್ಲ್ಯಾಶ್' ಸುಮಾರು ೨೭ ಕೋಟಿ ಗಳಿಸಿ ಸೋತಿತು. ಪುರುಷ ನಾಯಕರ ಬೇರೆ ಚಿತ್ರಗಳೂ ಸೋತವು. ಎಲ್ಲವೂ ಒಂದೇ ಕಾಲದಲ್ಲಿ ಸೋತಾಗ, ಇಡೀ ಪ್ರಕಾರದ ಬಗ್ಗೆ ಪ್ರೇಕ್ಷಕರು ಬೇಸತ್ತರೆಂದು ಊಹಿಸುವುದು ನ್ಯಾಯ. ಆದರೆ ಮೊದಲನೆಯ ಸೋಲಿಗೆ ಸ್ತ್ರೀಯರನ್ನೇ ಕಾರಣಮಾಡಿದ ಮಾತುಗಳು ಬಹಳವಾಗಿ ಕೇಳಿಬಂದವು. ಎರಡನೆಯದಕ್ಕೆ ಪುರುಷರನ್ನು ಕಾರಣಮಾಡಿದವರನ್ನು ನಾವು ಕಾಣಲಿಲ್ಲ.

೭

ಈವರೆಗಿನ ಪರಿಶೀಲನೆಯಿಂದ ಎರಡು ತೀರ್ಮಾನಗಳಿಗೆ ಬರಬಹುದು. ಮೊದಲನೆಯದಾಗಿ, ಈ ಚಿತ್ರಗಳಲ್ಲಿ ಸ್ತ್ರೀಯ ಸ್ಥಾನ ಒಂದೇ ಸಮನೆ ಏರುತ್ತ ಬಂದಿಲ್ಲ. ೧೯೪೨ರಲ್ಲಿ ಇದ್ದುದು ೧೯೫೪ರಲ್ಲಿ ಹೋಯಿತು, ೧೯೬೮ರಲ್ಲಿ ಇನ್ನೂ ಇಳಿಯಿತು, ೧೯೭೩ರಲ್ಲಿ ಮರಳಿತು, ೨೦೧೭ರಲ್ಲಿ ಹಿರಿಯ ತೆರೆಗೆ ಬಂದಿತು. ಒಂದೊಂದು ತಿರುವಿನಲ್ಲಿಯೂ ನಿರ್ದಿಷ್ಟ ವ್ಯಕ್ತಿಗಳು, ನಿರ್ದಿಷ್ಟ ಸಂಸ್ಥೆಗಳು, ನಿರ್ದಿಷ್ಟ ನಿರ್ಣಯಗಳು ಇವೆ. ಕಾಲವೇ ಎಲ್ಲವನ್ನೂ ಮಾಡುತ್ತದೆಂದು ಹೇಳುವುದು ಚರಿತ್ರೆಯನ್ನು ಬರೆಯುವುದಲ್ಲ, ಬರೆಯದೆ ಬಿಡುವುದು. ಎರಡನೆಯದಾಗಿ, ಪುರುಷನ ವೀರತ್ವವೂ ಸ್ತ್ರೀಯ ವೀರತ್ವವೂ ಒಂದೇ ಪ್ರಶ್ನೆಯ ಎರಡು ಮುಖಗಳು. ಮೃದುತ್ವ ವೇಷ, ಬಲವೇ ನಿಜ ಎಂಬ ೧೯೩೮ರ ನಿಯಮ ಎಲ್ಲಿಯವರೆಗೆ ಉಳಿಯುವುದೋ ಅಲ್ಲಿಯವರೆಗೆ ಗಂಡಸು ಅಳಲಾರ, ಹೆಂಗಸು ತನ್ನ ಕಥೆಯಲ್ಲಿ ತಾನೇ ಸಾಯಲಾರಳು.

ನಮ್ಮ ತರಗತಿಗಳಲ್ಲಿ ಕುಳಿತ ತರುಣ ತರುಣಿಯರು ಈ ಚಿತ್ರಗಳಿಂದ ಧೈರ್ಯವೆಂದರೇನೆಂಬುದನ್ನು ಬಹುಮಟ್ಟಿಗೆ ಕಲಿಯುತ್ತಾರೆ. ಅವುಗಳನ್ನು ನೋಡಬೇಡಿರೆಂದು ಹೇಳುವುದು ಅಧ್ಯಾಪಕರ ಕೆಲಸವಲ್ಲ. ಶಾಸನವನ್ನು ಓದುವ ಎಚ್ಚರದಿಂದ ಅವನ್ನು ಓದಿರೆಂದು ಹೇಳಬಹುದು. ಯಾರ ಹೆಸರನ್ನು ಕೆತ್ತಿದ್ದಾರೆ, ಯಾರ ಹೆಸರನ್ನು ಅಳಿಸಿದ್ದಾರೆ, ಕಲ್ಲಿನ ಖರ್ಚನ್ನು ಯಾರು ಕೊಟ್ಟರು ಎಂದು ಕೇಳುವ ಅಭ್ಯಾಸ ಅವರಿಗಾದರೆ, ಸೋತವರೊಬ್ಬರನ್ನು ಕಂಡು ಅವರ ಕುಲವನ್ನೇ ಅಳೆಯುವ ಲೆಕ್ಕ ಬೇರೆಡೆ ಎದುರಾದಾಗಲೂ ಅದನ್ನು ಅವರು ಗುರುತಿಸಬಲ್ಲರು.